ಟಿ. ನರಸೀಪುರದ ‘ಟಿ’ ಅಂದರೇನು ಸ್ವಾಮಿ?

ಟಿ.ವಿ. ರಸಪ್ರಶ್ನೆಯ ಕುರ್ಚಿಯಲ್ಲಿ ಘಟಾನುಘಟಿಗಳು ತಬ್ಬಿಬ್ಬಾಗುವುದು ಯಾಕೆ?

ಸುತ್ತೂರು: ಟಿ. ನರಸೀಪುರದ ಬಸ್ಸಿಗೆ ಕಾದು ನಿಂತಿರುವ ಮಹಾಶಯರೇ, ಬಸ್ಸು ಬರೋದರೊಳಗೆ ಒಂದು ಪ್ರಶ್ನೆಗೆ ಉತ್ತರ ಹೇಳಿಬಿಡಿ. ಬೋರ್ಡಿನ ಮೇಲೆ ನರಸೀಪುರದ ಹಿಂದೆ ಒಂದು ‘ಟಿ’ ಇದೆಯಲ್ಲ, ಅದರ ಪೂರ್ತಿ ಹೆಸರೇನು? ನಾಲ್ಕು ಉತ್ತರ ನಾವೇ ಕೊಡುತ್ತೇವೆ. ಒಂದು, ತಲಕಾಡು. ಎರಡು, ತಾಲ್ಲೂಕು. ಮೂರು, ತಿರುಮಕೂಡಲು. ನಾಲ್ಕು, ತೀರ್ಥ. ಟೈಮು ಮೂವತ್ತೇ ಸೆಕೆಂಡು.

ತಿರುಮಕೂಡಲು ಅಂತ ಥಟ್ಟನೆ ಹೇಳಿದವರಿಗೆ ಶಹಭಾಸ್. ಹೇಳಲಾರದೆ ಪಕ್ಕದವರ ಮುಖ ನೋಡಿದವರು ಬೇಜಾರು ಮಾಡಿಕೊಳ್ಳಬೇಡಿ. ದಿನಾ ಎರಡು ಸಲ ಆ ಬೋರ್ಡು ನೋಡಿಯೇ ಬಸ್ಸು ಹತ್ತುವವರೂ ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುತ್ತಾರೆ. ಬಸ್ಸು ಹತ್ತಲಿಕ್ಕೆ ‘ಟಿ’ ಸಾಕು. ಅದರ ಅರ್ಥ ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಟಿಕೇಟಿನ ದರವೇನೂ ಕಡಿಮೆಯಾಗೋದಿಲ್ಲ.

ಈಗ ಇದೇ ಪ್ರಶ್ನೆಯನ್ನು ಟಿ.ವಿ.ಯವರು ಕೇಳುತ್ತಾರೆ ಅಂತ ಇಟ್ಟುಕೊಳ್ಳಿ. ಮುಖದ ಮೇಲೆ ದೀಪ, ಎದುರಿಗೆ ಹೆಸರುವಾಸಿ ಸಿನಿಮಾ ನಟ, ಸುತ್ತ ಚಪ್ಪಾಳೆ ತಟ್ಟುವ ಜನ, ಎದೆ ಢವಢವ ಅನ್ನುವಂಥ ಸಂಗೀತ. ಕೂತವನು ಎಂ.ಎ. ಮಾಡಿದವನೇ ಇರಲಿ, ಗಂಟಲು ಒಣಗುತ್ತದೆ. ಆಗ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತ ನಾವು ಏನಂತೀವಿ? “ಥೂ, ಇಷ್ಟೂ ಗೊತ್ತಿಲ್ವಾ ಇವನಿಗೆ! ಇವನನ್ನ ಯಾರಪ್ಪ ಒಳಗೆ ಬಿಟ್ಟೋರು?” ಅಂತೀವಿ. ಮಾರನೆಯ ದಿನ ಕಿರಾಣಿ ಅಂಗಡಿ ಮುಂದೆ, ಸಲೂನಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಅದೇ ಮಾತು. ಒಂದು ತಪ್ಪು ಉತ್ತರಕ್ಕೆ ಆ ಮನುಷ್ಯನ ಓದು, ಬುದ್ಧಿ, ಮನೆತನ ಎಲ್ಲಾ ತೂಕಕ್ಕೆ ಹೋಗುತ್ತದೆ.

ಈ ತಕ್ಕಡಿ ಸರಿಯಿಲ್ಲ ಎಂಬುದೇ ಇವತ್ತಿನ ನಮ್ಮ ವಾದ.

ಪುಸ್ತಕದ ಬಹುಮಾನ, ಕೋಟಿಯ ಬಹುಮಾನ

ಕನ್ನಡಿಗರಿಗೆ ಟಿ.ವಿ. ರಸಪ್ರಶ್ನೆ ಅಂದ ತಕ್ಷಣ ನೆನಪಾಗುವ ಕಾರ್ಯಕ್ರಮಗಳು ಎರಡು. ಮೊದಲನೆಯದು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಶುರುವಾದ ‘ಥಟ್ ಅಂತ ಹೇಳಿ’. ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ. ಓದಿದ್ದು ವೈದ್ಯಕೀಯ, ಹೆಸರಾದದ್ದು ಪ್ರಶ್ನೆ ಕೇಳಿ. ಅಲ್ಲಿ ಸರಿ ಉತ್ತರಕ್ಕೆ ಸಿಗೋದು ದುಡ್ಡಲ್ಲ, ಕನ್ನಡ ಪುಸ್ತಕ. ಸಾವಿರಾರು ಕಂತು ನಡೆದ ಆ ಕಾರ್ಯಕ್ರಮದಿಂದ ಎಷ್ಟೋ ಮನೆಗಳ ಬೀರುವಿಗೆ ಮೊದಲ ಪುಸ್ತಕ ಬಂತು ಅಂದರೆ ಅತಿಶಯವಲ್ಲ.

ಎರಡನೆಯದು ‘ಕನ್ನಡದ ಕೋಟ್ಯಧಿಪತಿ’. ಇದರ ಮೂಲ ಇಂಗ್ಲೆಂಡು. 1998ರಲ್ಲಿ ಅಲ್ಲಿ ಶುರುವಾದ ಆಟ 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ಅವರ ಜೊತೆ ಹಿಂದಿಗೆ ಬಂತು. 2012ರ ಮಾರ್ಚಿನಲ್ಲಿ ನಮ್ಮ ಪುನೀತ್ ರಾಜ್‌ಕುಮಾರ್ ಅದನ್ನು ಸುವರ್ಣ ವಾಹಿನಿಯಲ್ಲಿ ಕನ್ನಡಕ್ಕೆ ತಂದರು. 2018ರಲ್ಲಿ ರಮೇಶ್ ಅರವಿಂದ್ ನಡೆಸಿದರು, 2019ರಲ್ಲಿ ಮತ್ತೆ ಪುನೀತ್. 2021ರ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನು ಬಿಟ್ಟುಹೋದರು. ಎದುರಿಗೆ ಕೂತು ನಡುಗುತ್ತಿದ್ದ ಹಳ್ಳಿ ಹೆಣ್ಣುಮಕ್ಕಳನ್ನು ಸಮಾಧಾನ ಮಾಡಿ ಮಾತಾಡಿಸುತ್ತಿದ್ದ ಆ ನಗುಮುಖ ಇವತ್ತಿಗೂ ಜನರ ಕಣ್ಣಲ್ಲಿದೆ.

ಎರಡೂ ಕಾರ್ಯಕ್ರಮ ನೋಡಿದವರಿಗೆ ಒಂದು ವಿಷಯ ಗೊತ್ತು. ಜನ ಸೋಲೋದು ಆಕಾಶದಿಂದ ಇಳಿದ ಪ್ರಶ್ನೆಗಳಿಗೆ ಮಾತ್ರ ಅಲ್ಲ. ಕಾಲ ಬುಡದ ಪ್ರಶ್ನೆಗಳಿಗೂ ಅಷ್ಟೇ ಸೋಲುತ್ತಾರೆ. ದೀಪದ ಬುಡದಲ್ಲೇ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ನೋಡಿದ್ದೇವೆ, ಓದಿಲ್ಲ

ಪ್ರಶ್ನೆ ಮಾಡುವವರಿಗೆ ನಮ್ಮ ಈ ಅಭ್ಯಾಸ ಚೆನ್ನಾಗಿ ಗೊತ್ತು. ಯಾರೂ ಕೇಳಿರದ ವಿಷಯ ಹುಡುಕುವುದಕ್ಕಿಂತ, ಎಲ್ಲರೂ ನೋಡಿ ಯಾರೂ ಗಮನಿಸದ ವಿಷಯ ಹಿಡಿಯುವುದು ಅವರಿಗೆ ಲಾಭ. ನೋಡುವವರಿಗೂ “ಅಯ್ಯೋ, ಇದು ನನಗೆ ಗೊತ್ತಿರಬೇಕಿತ್ತು” ಅನ್ನಿಸಬೇಕಲ್ಲ?

ನಮ್ಮ ಸುತ್ತೂರಿನಲ್ಲೇ ನೋಡಿ. ಜೆ.ಎಸ್.ಎಸ್. ಎಂಬ ಮೂರಕ್ಷರ ಶಾಲೆಯ ಮೇಲಿದೆ, ಆಸ್ಪತ್ರೆಯ ಮೇಲಿದೆ, ಮಕ್ಕಳ ಬಸ್ಸಿನ ಮೇಲಿದೆ. ಅದನ್ನು ಬಿಡಿಸಿ ಹೇಳಿ ಅಂದರೆ ಕೂಡಲೇ ಬಾಯಿ ಬರೋದು ಕಡಿಮೆ. ಜಗದ್ಗುರು ಶ್ರೀ ಶಿವರಾತ್ರೀಶ್ವರ ಎಂಬುದರ ಮೊದಲಕ್ಷರಗಳು ಅವು. ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮಹಾವಿದ್ಯಾಪೀಠ ಸ್ಥಾಪಿಸಿದ್ದು 1954ರಲ್ಲಿ. ಇನ್ನು ಮಠದ ಮೂಲ ಕೇಳಿದರೆ ಪರಂಪರೆಯ ಕಥೆ ಗಂಗರ ರಾಚಮಲ್ಲ ಮತ್ತು ತಂಜಾವೂರಿನ ರಾಜರಾಜ ಚೋಳರ ಯುದ್ಧಕ್ಕೆ ಹೋಗುತ್ತದೆ. ಆ ಇಬ್ಬರನ್ನು ರಾಜಿ ಮಾಡಿಸಿದವರು ಆದಿ ಶಿವರಾತ್ರೀಶ್ವರರು ಎಂಬ ಕಥೆ ಜಾತ್ರೆಗೆ ಬರುವ ಅಜ್ಜಿಯರಿಗೆ ಗೊತ್ತು. ಆದರೆ ‘ಯಾವ ಇಬ್ಬರು ರಾಜರು?’ ಅಂತ ನಾಲ್ಕು ಉತ್ತರ ಮುಂದಿಟ್ಟು ಕೇಳಿದರೆ ಕಾಲೇಜು ಹುಡುಗನಿಗೂ ಅನುಮಾನ ಶುರು.

ಅದೇ ‘ಟಿ’ಗೆ ಇನ್ನೊಂದು ಬಾಲವಿದೆ. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ‘ಟಿ’ ಏನು? ಅದೂ ತಿರುಮಕೂಡಲೇ! ನರಸೀಪುರದ ಮಗ ಅವರು. ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿ, ಮೈಕು ಇಲ್ಲದ ಸಭೆಯಲ್ಲಿ ಕೊನೇ ಸಾಲಿನವನಿಗೂ ನಾದ ಮುಟ್ಟಿಸಿದವರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಬೆಂಗಳೂರಿಗೆ ಹೋದ ನಮ್ಮವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ತಮ್ಮ ತಾಲ್ಲೂಕಿನವರ ಹೆಸರು ಅಂತ ಎಷ್ಟು ಜನಕ್ಕೆ ಹೊಳೆಯುತ್ತೋ!

ಅಂಗಡಿಯವರೇ, ನೀವೂ ತಪ್ಪಿಸಿಕೊಳ್ಳಬೇಡಿ. ನಂಜನಗೂಡು ಹಲ್ಲುಪುಡಿ ಮಾರುತ್ತೀರಲ್ಲ, ಅದನ್ನು ಮಾಡಿದ ಸದ್ವೈದ್ಯಶಾಲೆ ಶುರುವಾದದ್ದು ಯಾವಾಗ, ಯಾರಿಂದ? 1913ರಲ್ಲಿ, ಬಿ.ವಿ. ಪಂಡಿತರಿಂದ. ಮೈಸೂರು ಸ್ಯಾಂಡಲ್ ಸೋಪು ಯಾವ ಊರಿನಲ್ಲಿ ಹುಟ್ಟಿತು? ಮೈಸೂರು ಅಂದರೆ ಆಟ ಮುಗಿಯಿತು. ಸರ್ಕಾರಿ ಸೋಪಿನ ಕಾರ್ಖಾನೆ 1916ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಎಲ್ಲಿಯದು? ಇದಕ್ಕೆ ಮೈಸೂರು ಅಂದರೆ ಸರಿ. ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಕಾರ್ಖಾನೆಯ ಶಾಯಿ 1962ರ ಚುನಾವಣೆಯಿಂದ ದೇಶದ ಬೆರಳುಗಳ ಮೇಲಿದೆ. ಹೆಸರಿನಲ್ಲಿ ಮೈಸೂರು ಇರುವ ಸೋಪು ಬೆಂಗಳೂರಿನದು, ಹೆಸರೇ ಇಲ್ಲದ ಶಾಯಿ ಮೈಸೂರಿನದು. ಪ್ರಶ್ನೆ ಮಾಡುವವರಿಗೆ ಇದಕ್ಕಿಂತ ಹಬ್ಬ ಬೇಕೆ?

ಒಂದು ನದಿ, ಎರಡು ಹೆಸರು

ಎರಡನೇ ಜಾತಿಯ ಪ್ರಶ್ನೆ ಇನ್ನೂ ಕಿಲಾಡಿ. ಸುತ್ತೂರು ಯಾವ ನದಿಯ ದಡದಲ್ಲಿದೆ? ಉತ್ತರಗಳಲ್ಲಿ ಕಾವೇರಿ ಇದೆ, ಕಬಿನಿ ಇದೆ, ಕಪಿಲಾ ಎಂಬುದು ಇಲ್ಲವೇ ಇಲ್ಲ ಅಂದುಕೊಳ್ಳಿ. ನಂಜನಗೂಡಿನ ಸ್ನಾನಘಟ್ಟದಲ್ಲಿ ‘ಕಪಿಲೆ, ಕಪಿಲೆ’ ಅಂತ ಮೂರು ಮುಳುಗು ಹಾಕಿದವನು ಗಾಬರಿಯಾಗುತ್ತಾನೆ. ಎಚ್.ಡಿ. ಕೋಟೆಯ ಅಣೆಕಟ್ಟೆಯಲ್ಲಿ ಕಬಿನಿ ಎನ್ನಿಸಿಕೊಂಡವಳೇ ನಂಜನಗೂಡು, ಸುತ್ತೂರಿನಲ್ಲಿ ಕಪಿಲೆ. ವಯನಾಡಿನಿಂದ ಇಳಿದು ಬಂದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುವವಳು ಒಬ್ಬಳೇ. ಇಲ್ಲಿ ಸೋತವನಿಗೆ ಊರಿನ ನದಿ ಗೊತ್ತಿಲ್ಲ ಅಂತ ಹೇಳೋದು ನ್ಯಾಯವೇ? ನದಿ ಗೊತ್ತಿತ್ತು. ಕಾಗದದ ಮೇಲಿನ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇಸವಿಯ ಬಲೆ

ಇಸವಿ ಕೇಳಿದರಂತೂ ಗಟ್ಟಿಗರೂ ಜಾರುತ್ತಾರೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಯಾವಾಗ? ‘ನವೆಂಬರ್ 1, 1956’ ಅಂತ ಬಾಯಿಗೆ ಬಂದೇಬಿಡುತ್ತದೆ. ಅದು ರಾಜ್ಯ ಒಂದಾದ ದಿನ, ಹೆಸರು ಆಗ ಮೈಸೂರು ರಾಜ್ಯ. ಕರ್ನಾಟಕ ಅಂತಾದದ್ದು 1973ರ ನವೆಂಬರ್ 1ರಂದು, ನಮ್ಮ ಹುಣಸೂರಿನ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ. ತಾರೀಖು ಒಂದೇ, ಇಸವಿ ಬೇರೆ. ಅರ್ಧ ಗೊತ್ತಿರುವವನೇ ಇಲ್ಲಿ ಬೇಗ ಬೀಳುತ್ತಾನೆ. ಏನೂ ಗೊತ್ತಿಲ್ಲದವನು ಯೋಚನೆಯಾದರೂ ಮಾಡುತ್ತಾನೆ.

ನಂಜನಗೂಡಿನ ಹಳೇ ಸೇತುವೆ ಇನ್ನೊಂದು ಉದಾಹರಣೆ. ಕಪಿಲೆಯ ಮೇಲೆ ಅದನ್ನು ಕಟ್ಟಿದ್ದು 1735ರಲ್ಲಿ, ದಳವಾಯಿ ದೇವರಾಜಯ್ಯನವರ ಕಾಲದಲ್ಲಿ. ಅದರ ಮೇಲೆ ರೈಲೂ ಓಡಿದೆ, ಬಸ್ಸೂ ಓಡಿದೆ. ‘1735ರ ರೈಲ್ವೆ ಸೇತುವೆ ಎಲ್ಲಿದೆ?’ ಅಂತ ಕೇಳಿದರೆ ಬುದ್ಧಿವಂತ ಏನು ಮಾಡುತ್ತಾನೆ? ನಮ್ಮ ದೇಶಕ್ಕೆ ರೈಲು ಬಂದದ್ದೇ 1853ರಲ್ಲಿ, ಪ್ರಶ್ನೆಯೇ ತಪ್ಪು ಅಂತ ವಾದ ಹೂಡುತ್ತಾನೆ. ಜನ, ಗಾಡಿ ದಾಟಲು ಕಟ್ಟಿದ ಸೇತುವೆಯ ಮೇಲೆ ಹಳಿ ಹಾಕಿದ್ದು ಎಷ್ಟೋ ಕಾಲದ ಮೇಲೆ. ಅದು ಗೊತ್ತಿರುವುದು ಆ ಸೇತುವೆ ದಾಟಿ ಶಾಲೆಗೆ ಹೋದ ಹುಡುಗನಿಗೆ.

ಇನ್ನು ಕೆಲವಕ್ಕೆ ಪುಸ್ತಕಗಳೇ ಜಗಳವಾಡುತ್ತವೆ. ಸೋಮನಾಥಪುರದ ಕೇಶವ ದೇವಾಲಯ ನಮ್ಮ ನರಸೀಪುರ ತಾಲ್ಲೂಕಿನದೇ. ಬೇಲೂರು, ಹಳೇಬೀಡಿನ ಜೊತೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದು ಕಟ್ಟಿದ ವರ್ಷ ಒಂದು ಪುಸ್ತಕದಲ್ಲಿ 1258, ಇನ್ನೊಂದರಲ್ಲಿ 1268. ಎರಡನ್ನೂ ನಾಲ್ಕು ಉತ್ತರದೊಳಗೆ ಇಟ್ಟರೆ ಪ್ರಶ್ನೆ ಕೇಳಿದವರೇ ಸಿಕ್ಕಿಬೀಳಬೇಕು. ಒಳ್ಳೆಯ ಪ್ರಶ್ನೆಗೆ ಒಂದೇ ಉತ್ತರ ಇರಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ತಲಕಾಡಿನ ಪಂಚಲಿಂಗ ದರ್ಶನವೂ ಹಾಗೆಯೇ. ಹನ್ನೆರಡು ವರ್ಷಕ್ಕೊಮ್ಮೆ ಅಂತ ಹಲವರ ನಂಬಿಕೆ. ಆದರೆ 2009ರಲ್ಲಿ ಆಯಿತು, 2013ರಲ್ಲಿ ಆಯಿತು, ಆಮೇಲೆ 2020ರಲ್ಲಿ. ಕಾರ್ತಿಕ ಮಾಸದಲ್ಲಿ ವಾರ, ನಕ್ಷತ್ರ ಕೂಡಿಬರುವುದನ್ನು ಪಂಚಾಂಗ ನೋಡಿ ನಿಶ್ಚಯಿಸುವ ದರ್ಶನ ಅದು. ವರ್ಷ ಎಣಿಸಿ ಹೇಳಿದವನು ಸೋಲುತ್ತಾನೆ.

ದೂರದ ಪ್ರಶ್ನೆಗೆ ಹತ್ತಿರದ ದಾರಿ

ನಿಜವಾಗಿ ದೂರದ ಪ್ರಶ್ನೆಗಳೂ ಉಂಟು. 2011ರಲ್ಲಿ ಹಿಂದಿ ಕೋಟ್ಯಧಿಪತಿಯಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಐದು ಕೋಟಿ ಗೆದ್ದರು. ತಿಂಗಳಿಗೆ ಆರು ಸಾವಿರ ಚಿಲ್ಲರೆ ಸಂಬಳದ ಕಂಪ್ಯೂಟರ್ ಆಪರೇಟರ್. ಕೊನೇ ಪ್ರಶ್ನೆ ಹೀಗಿತ್ತು: 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದ ಸಹವಾಸ ಮುಗಿಸಿದ ದೇಶ ಯಾವುದು?

ಉತ್ತರ ಡೆನ್ಮಾರ್ಕ್. ನಮ್ಮ ಕಡೆ ಡೇನರ ಹೆಸರು ಕೇಳಿದವರೇ ಕಡಿಮೆ. ತಮಿಳುನಾಡಿನ ತರಂಗಂಬಾಡಿಯಲ್ಲಿ ಅವರು 1620ರಿಂದ ಕೋಟೆ ಕಟ್ಟಿಕೊಂಡು ವ್ಯಾಪಾರ ಮಾಡಿದರು, 1845ರಲ್ಲಿ ಅದನ್ನೂ ಬ್ರಿಟಿಷರಿಗೇ ಮಾರಿದರು. ಇಷ್ಟೆಲ್ಲ ಗೊತ್ತಿಲ್ಲದವನಿಗೂ ಒಂದು ದಾರಿ ಇದೆ. ಫ್ರೆಂಚರು ಅನ್ನೋಣ ಅಂದರೆ ಅವರು ಪಾಂಡಿಚೇರಿಯಲ್ಲಿ 1954ರ ತನಕ ಇದ್ದರು. ಪೋರ್ಚುಗೀಸರು ಅನ್ನೋಣ ಅಂದರೆ ಗೋವಾದಿಂದ ಅವರನ್ನು 1961ರಲ್ಲಿ ಕಳಿಸಿದ್ದು. 1868ಕ್ಕೇ ಗಂಟುಮೂಟೆ ಕಟ್ಟಿದವರು ಇವರಲ್ಲ. ಹೀಗೆ ಒಂದೊಂದಾಗಿ ತೆಗೆದುಹಾಕುವುದಕ್ಕೂ ವಿದ್ಯೆ ಬೇಕು, ಅದು ಬರೀ ಬಾಯಿಪಾಠದಿಂದ ಬರೋದಿಲ್ಲ.

ಒಂದು ತಮಾಷೆ ಕೇಳಿ. ಇದೇ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಒಬ್ಬ ಇಂಗ್ಲಿಷ್ ಲೇಖಕ ಲೋಕಪ್ರಸಿದ್ಧ. ಯಾರು? ಜಾರ್ಜ್ ಆರ್ವೆಲ್. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಈ ಪ್ರಶ್ನೆ ಕೇಳಿದರೆ, ನಮ್ಮಲ್ಲಿ ‘ಟಿ’ ಕೇಳಿದ ಹಾಗೇ ಆಗಬಹುದು.

ಗೆದ್ದವರ ಬದುಕೂ ಹೂವಿನ ಹಾಸಿಗೆಯಲ್ಲ. ಗೆದ್ದ ಮೇಲೆ ತಾನು ಬಹಳ ಕೆಟ್ಟ ದಿನಗಳನ್ನು ಕಂಡೆ, ದಾನದ ಹೆಸರಲ್ಲಿ ಮೋಸ ಹೋದೆ ಅಂತ ಸುಶೀಲ್ ಕುಮಾರ್ 2020ರಲ್ಲಿ ತಾವೇ ಬರೆದುಕೊಂಡರು. ಐದು ಕೋಟಿಯ ಪ್ರಶ್ನೆಗೆ ಉತ್ತರ ಗೊತ್ತಿದ್ದ ಮನುಷ್ಯ. ಬದುಕಿನ ಪ್ರಶ್ನೆಗಳು ಬೇರೆಯೇ.

ಸ್ವಲ್ಪ ಅಂಗಡಿ ಲೆಕ್ಕ

“ಏನಣ್ಣ, ಎಲ್ಲಾ ಅದೃಷ್ಟ ಕಣಣ್ಣ” ಅಂತ ತಳ್ಳಿಹಾಕುವವರಿಗೆ ಒಂದು ಲೆಕ್ಕ. ಹದಿನೈದು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಬೆರಳಿಟ್ಟು ಹದಿನೈದನ್ನೂ ಗೆಲ್ಲುವ ಸಂಭವ ಎಷ್ಟು? ನಾಲ್ಕನ್ನು ಹದಿನೈದು ಸಲ ಗುಣಿಸಿ. 107 ಕೋಟಿ 37 ಲಕ್ಷ 41 ಸಾವಿರದ 824ಕ್ಕೆ ಒಂದು! ಲಾಟರಿ ಟಿಕೇಟೇ ವಾಸಿ. ಅಂದಮೇಲೆ ಹತ್ತನೇ ಪ್ರಶ್ನೆಯಲ್ಲಿ ಎಡವಿದವನನ್ನೂ ಹಗುರವಾಗಿ ನೋಡುವ ಹಾಗಿಲ್ಲ. ಅವನು ಒಂಬತ್ತು ಮೆಟ್ಟಿಲು ಹತ್ತಿ ಬಂದವನು.

ಇನ್ನು ಆಟ ಬಿಟ್ಟು ಏಳುವವರನ್ನು ಪುಕ್ಕಲ ಅಂತ ಜರಿಯುತ್ತೇವೆ. ಅದನ್ನೂ ಲೆಕ್ಕ ಹಾಕಿ. ಉದಾಹರಣೆಗೆ ಕೈಯಲ್ಲಿ 25 ಲಕ್ಷ ಇದೆ. ಮುಂದಿನ ಪ್ರಶ್ನೆಗೆ 50 ಲಕ್ಷ. ತಪ್ಪಿದರೆ 3 ಲಕ್ಷ 20 ಸಾವಿರಕ್ಕೆ ಇಳಿಯಬೇಕು. ಎರಡು ಉತ್ತರದ ನಡುವೆ ಮಾತ್ರ ಅನುಮಾನ ಅಂದರೆ ಸರಾಸರಿ ಗಿಟ್ಟುವುದು 26 ಲಕ್ಷ 60 ಸಾವಿರ. ಅಂದರೆ ಒಂದೂವರೆ ಲಕ್ಷದ ಆಸೆಗೆ 25 ಲಕ್ಷ ಪಣ. ನಾಲ್ಕರಲ್ಲೂ ಅನುಮಾನ ಅಂದರೆ ಸರಾಸರಿ 15 ಲಕ್ಷವೂ ಇಲ್ಲ. ಯಾವ ಅಂಗಡಿಯವನು ಈ ವ್ಯಾಪಾರ ಮಾಡುತ್ತಾನೆ? ಗೊತ್ತಿಲ್ಲ ಅಂತ ಒಪ್ಪಿ ಕೈಮುಗಿದು ಏಳುವವನಿಗೂ ಚಪ್ಪಾಳೆ ಸಲ್ಲಬೇಕು.

ಗೊತ್ತಿದ್ದೂ ಸೋತವನು

ಗೊತ್ತಿಲ್ಲದೆ ಸೋತವರ ಮಾತಾಯಿತು. ಗೊತ್ತಿದ್ದೂ ಸೋತವನ ಕಥೆಯೊಂದು ಅಮೆರಿಕದಲ್ಲಿದೆ. 1956ರಲ್ಲಿ ಅಲ್ಲಿನ ‘ಟ್ವೆಂಟಿ ಒನ್’ ಎಂಬ ಟಿ.ವಿ. ರಸಪ್ರಶ್ನೆಯಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬಾತ ವಾರವಾರವೂ ಗೆಲ್ಲುತ್ತಿದ್ದ. ನಡೆಸುವವರಿಗೆ ಹೊಸ ಮುಖ ಬೇಕಾಯಿತು, ಸೋಲು ಅಂತ ಅವನಿಗೆ ಹೇಳಿದರು. 1955ರ ಶ್ರೇಷ್ಠ ಚಿತ್ರದ ಆಸ್ಕರ್ ಯಾವುದಕ್ಕೆ ಎಂಬ ಪ್ರಶ್ನೆಗೆ ಸರಿ ಉತ್ತರ ‘ಮಾರ್ಟಿ’. ಅವನು ಆ ಸಿನಿಮಾವನ್ನು ಮತ್ತೆ ಮತ್ತೆ ನೋಡಿ ಮೆಚ್ಚಿದ್ದವನು. ಆದರೂ ಬೇರೆ ಹೆಸರು ಹೇಳಿ ಸೋಲಬೇಕಾಯಿತು. ಅವನ ಜಾಗಕ್ಕೆ ಬಂದ ಚಾರ್ಲ್ಸ್ ವಾನ್ ಡೋರೆನ್ ಎಂಬ ಕಾಲೇಜು ಮೇಷ್ಟರಿಗೆ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು. 1959ರಲ್ಲಿ ಆತ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಎಲ್ಲ ಒಪ್ಪಿಕೊಂಡ. ಮಾರನೇ ವರ್ಷ ಇಂಥ ಮೋಸಕ್ಕೆ ಕಾನೂನೇ ಬಂತು.

ಆ ದಿನ ಅಮೆರಿಕದ ಮನೆಮನೆಯಲ್ಲೂ ಜನ ಏನಂದಿರಬೇಕು? “ಇಷ್ಟೂ ಗೊತ್ತಿಲ್ವಾ ಇವನಿಗೆ!” ಅಂದಿರಬೇಕು. ಗೊತ್ತಿದ್ದವನು ದಡ್ಡನಾದ, ಹೇಳಿಸಿಕೊಂಡವನು ಪಂಡಿತನಾದ. ಪರದೆ ನೋಡಿ ಮನುಷ್ಯನ ತೂಕ ಹಾಕಿದರೆ ಹೀಗೂ ಆಗುವುದುಂಟು.

ಯಾರಿಗೆ ಫೋನು ಮಾಡ್ತೀರಿ?

ಕೋಟ್ಯಧಿಪತಿ ಆಟದಲ್ಲಿ ಗೆಳೆಯರಿಗೆ ಫೋನು ಮಾಡಿ ಕೇಳುವ ಅವಕಾಶವಿತ್ತಲ್ಲ, ಅದರ ಕಥೆಯೇ ಬೇರೆ. 1999ರಲ್ಲಿ ಅಮೆರಿಕದ ಜಾನ್ ಕಾರ್ಪೆಂಟರ್ ಹತ್ತು ಲಕ್ಷ ಡಾಲರಿನ ಕೊನೇ ಪ್ರಶ್ನೆಯಲ್ಲಿ ತಂದೆಗೆ ಫೋನು ಹಚ್ಚಿದ. ಸಹಾಯ ಕೇಳಲಿಕ್ಕಲ್ಲ. ಉತ್ತರ ನನಗೇ ಗೊತ್ತು, ನಾನು ಗೆಲ್ಲುತ್ತಿದ್ದೇನೆ ಅಂತ ತಿಳಿಸಲಿಕ್ಕೆ! ಅಂಥ ಧೈರ್ಯ ಎಲ್ಲರಿಗೂ ಬರಬೇಕಲ್ಲ.

ನಮ್ಮವರು ಫೋನು ಮಾಡುವುದಾದರೆ ಯಾರಿಗೆ? ಮೊದಲು ನೆನಪಾಗುವವರು ಮೇಷ್ಟ್ರು, ವಕೀಲರು, ಇಂಜಿನಿಯರು. ತಪ್ಪೇನಿಲ್ಲ. ಆದರೆ ಗುಂಜಾ ನರಸಿಂಹಸ್ವಾಮಿಗೆ ‘ಗುಂಜಾ’ ಎಂಬ ಹೆಸರು ಯಾಕೆ ಬಂತು ಅಂತ ಕೇಳಿದರೆ ಇಂಜಿನಿಯರು ಏನು ಹೇಳಿಯಾರು? ನರಸೀಪುರದ ಹೂ ಮಾರುವ ಅಮ್ಮನನ್ನು ಕೇಳಿ, “ಅದೇ ಕಣಪ್ಪ ಗುಲಗಂಜಿ, ಕಾಶಿಗಿಂತ ನಮ್ಮ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ” ಎಂದಾರು. ದಕ್ಷಿಣದ ಕುಂಭಮೇಳ ತಿರುಮಕೂಡಲಿನಲ್ಲಿ ಶುರುವಾದದ್ದು 1989ರಲ್ಲಿ ಎಂಬುದು ಅಲ್ಲಿ ಅಂಗಡಿ ಹಾಕಿದವರಿಗೆ ವ್ಯಾಪಾರದ ಲೆಕ್ಕದೊಂದಿಗೆ ನೆನಪಿರುತ್ತದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ ಎಂಬುದು ಗೈಡಿನಲ್ಲಿ ಸಿಗುತ್ತದೆ. ಆ ಹಣ್ಣು ಹೆಚ್ಚು ಮಾಗಿದಾಗ ಸಿಪ್ಪೆ ಹೇಗಿರುತ್ತದೆ ಅಂತ ಕೇಳಿದರೆ ಮಂಡಿಯವರೇ ಬೇಕು. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂತ ಪುಸ್ತಕ ಹೇಳುತ್ತದೆ. ಅದರಲ್ಲಿನ ಮಾತು ನಂಜನಗೂಡು ಸೀಮೆಯ ಮಾತು, ಬರೆದ ಮಹಾದೇವರ ದೇವನೂರು ಇದೇ ತಾಲ್ಲೂಕಿನದು ಅಂತ ಗೊತ್ತಾಗಬೇಕಾದರೆ ಇಲ್ಲಿನ ಬಸ್ಸಿನಲ್ಲಿ ಕಿವಿ ತೆರೆದು ಕೂರಬೇಕು.

ಪರೀಕ್ಷೆ ಬರೆಯುವ ಮಕ್ಕಳ ಮಾತು

ಇಷ್ಟೆಲ್ಲ ಬರೆದದ್ದು ಬರೀ ತಮಾಷೆಗಲ್ಲ. ನಮ್ಮ ಎರಡೂ ತಾಲ್ಲೂಕಿನಲ್ಲಿ ಪೊಲೀಸು, ಪಿ.ಡಿ.ಒ., ಎಫ್.ಡಿ.ಎ. ಅಂತ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಹಗಲು ಗಾರೆ ಕೆಲಸ, ಅಂಗಡಿ ಕೆಲಸ ಮಾಡಿ ರಾತ್ರಿ ಗೈಡು ತೆರೆಯುವವರಿದ್ದಾರೆ. ಸಾಮಾನ್ಯ ಜ್ಞಾನ ಅವರಿಗೆ ಆಟವಲ್ಲ, ಅನ್ನ. ಹಿಂದಿ ಕಾರ್ಯಕ್ರಮದಲ್ಲಿ 2000ದಲ್ಲಿ ಮೊದಲ ಕೋಟಿ ಗೆದ್ದ ಹರ್ಷವರ್ಧನ ನವಾಥೆ ಕೂಡ ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ಹುಡುಗನೇ. ಸಂಸತ್ತಿನ ಕಲಾಪದಲ್ಲಿ ಭಾಗವಹಿಸಲು ಸಂವಿಧಾನ ಯಾರಿಗೆ ಅವಕಾಶ ಕೊಟ್ಟಿದೆ ಎಂಬುದು ಅವನ ಕೋಟಿಯ ಪ್ರಶ್ನೆ. ಅಟಾರ್ನಿ ಜನರಲ್ ಎಂಬ ಉತ್ತರ ಬಂದದ್ದು ಓದಿದ ಪುಸ್ತಕದಿಂದ.

ಆದರೆ ಅರ್ಜಿ ಹಾಕಲಿಕ್ಕೇ ಹಿಂಜರಿಯುವ ಮಕ್ಕಳು ಎಷ್ಟಿಲ್ಲ? ಪಿ.ಯು.ಸಿ. ಅರ್ಧಕ್ಕೆ ಬಿಟ್ಟವರು, ಮದುವೆಯಾದ ಮೇಲೆ ಪುಸ್ತಕ ಹಿಡಿದ ಹೆಣ್ಣುಮಕ್ಕಳು. “ಸೋತರೆ ಊರೆಲ್ಲಾ ಆಡಿಕೊಳ್ತಾರೆ ಕಣಕ್ಕ” ಎಂಬ ಮಾತಿಗೇ ಅವರು ಅರ್ಧ ಸೋತಿರುತ್ತಾರೆ. ಟಿ.ವಿ. ಮುಂದೆ ಕೂತು ಯಾರನ್ನೋ ದಡ್ಡ ಅಂದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತ ನಮ್ಮ ಮಗಳೂ ಅದನ್ನು ಕೇಳಿಸಿಕೊಳ್ಳುತ್ತಾಳೆ. ನಾನು ಸೋತರೆ ಅಪ್ಪ ಹೀಗೇ ಅಂತಾರೆ ಅಂತ ಮನಸ್ಸಿನಲ್ಲೇ ಅರ್ಜಿ ಹರಿದು ಹಾಕುತ್ತಾಳೆ. ಆ ನಷ್ಟವನ್ನು ಯಾವ ವಾಹಿನಿಯವರೂ ತುಂಬಿಕೊಡುವುದಿಲ್ಲ.

ಒಂದು ಎಚ್ಚರಿಕೆ

ಕೋಟ್ಯಧಿಪತಿಯ ಹೆಸರಿನಲ್ಲಿ ಪ್ರಶ್ನೆಯೇ ಕೇಳದೆ ಬಹುಮಾನ ಕೊಡುವವರೂ ಇದ್ದಾರೆ, ಹುಷಾರು! ‘ನಿಮ್ಮ ನಂಬರಿಗೆ 25 ಲಕ್ಷದ ಲಾಟರಿ ಹೊಡೆದಿದೆ, ತೆರಿಗೆಗೆ ಇಷ್ಟು ಸಾವಿರ ಕಳಿಸಿ’ ಅಂತ ವಾಟ್ಸ್ಆ್ಯಪಿನಲ್ಲಿ ಬರುವ ಸಂದೇಶ ಶುದ್ಧ ಮೋಸ. ದೇಶದ ಉದ್ದಗಲಕ್ಕೂ ಜನ ಇದರಲ್ಲಿ ದುಡ್ಡು ಕಳೆದುಕೊಂಡಿದ್ದಾರೆ. ಆಡದ ಆಟದಲ್ಲಿ ಗೆಲುವು ಎಲ್ಲಿಂದ ಬಂತು ಸ್ವಾಮಿ? ದುಡ್ಡು ಕಳಿಸಿ ಕೆಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನು ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯಲು ಅಷ್ಟು ಅನುಕೂಲ.

ಜಾತ್ರೆಗೊಂದು ಸಲಹೆ

ಪ್ರತಿ ವರ್ಷ ಪುಷ್ಯ ಮಾಸದ ಕೊನೆಗೆ ಸುತ್ತೂರಿನ ಜಾತ್ರೆ ನೆರೆಯುತ್ತದೆ. ಕುಸ್ತಿ ಇದೆ, ದನಗಳ ಪರಿಷೆ ಇದೆ, ಭಜನೆ ಇದೆ, ದೇಸಿ ಆಟಗಳಿವೆ. ಇವುಗಳ ಪಕ್ಕದಲ್ಲಿ ಶಾಲೆಯ ಮೇಷ್ಟರುಗಳು ಒಂದು ಚಿಕ್ಕ ಚಪ್ಪರ ಹಾಕಿ ನಮ್ಮೂರ ಪ್ರಶ್ನೆಗಳನ್ನು ಕೇಳಿದರೆ ಹೇಗೆ? ಬಸ್ ಬೋರ್ಡಿನ ಅಕ್ಷರಗಳು, ಸೇತುವೆಯ ಇಸವಿ, ನದಿಯ ಎರಡು ಹೆಸರು, ಅಂಗಡಿಯ ಹಲ್ಲುಪುಡಿ. ಉತ್ತರ ಹೇಳಿದವರಿಗೆ ಒಂದು ಪುಸ್ತಕ. ಹೇಳಲಾಗದವರಿಗೆ ಉತ್ತರವನ್ನೇ ಬರೆದು ಕೈಗೆ ಕೊಡಿ, ಅದೂ ಬಹುಮಾನವೇ. ಅಜ್ಜಿಯರೂ ಕೂರಲಿ, ಮಂಡಿಯವರೂ ಕೂರಲಿ. ಕುಸ್ತಿಯಲ್ಲಿ ಬಿದ್ದವನ ಬೆನ್ನಿನ ಮಣ್ಣು ಒರೆಸಿ ಭುಜ ತಟ್ಟಿ ಕಳಿಸುವ ಊರು ಇದು. ಪ್ರಶ್ನೆಯಲ್ಲಿ ಸೋತವರಿಗೂ ಅದೇ ಮರ್ಯಾದೆ ಸಿಗಲಿ.